ಕ್ಯಾಶುವಾಲ್ಟಿಗೆ ಬರುವ ಹದಿಹರೆಯದವರ ಹತ್ತಿರ ಲೈಂಗಿಕ ಆರೋಗ್ಯದ ಬಗ್ಗೆ ಕೇಳುವುದು ಹೇಗೆ?

'ಹೊಟ್ಟೆನೋವು ಅಂತ ಹದಿನೇಳರ ಹುಡುಗಿ ಬಂದಿದ್ದಾಳೆ. ಪಕ್ಕದಲ್ಲೇ ಅಪ್ಪ ನಿಂತಿದ್ದಾರೆ. ಏನು ಕೇಳಲಿ, ಹೇಗೆ ಕೇಳಲಿ?' ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆಯ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುವ ಕಿರಿಯ ವೈದ್ಯರು ಮತ್ತು ಸಿಸ್ಟರ್‌ಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡುವುದು ಒಳ್ಳೆಯದು ಅನ್ನಿಸಿತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವಾಗಲೂ ಮಾಡಬಹುದಾದಷ್ಟನ್ನೇ ಇಲ್ಲಿ ಹೇಳಿದ್ದೇನೆ.

ಹದಿಹರೆಯದವರು ಅಂದರೆ 10ರಿಂದ 19 ವರ್ಷದವರು. ಸ್ಕ್ರೀನಿಂಗ್ ಅಂದರೆ ಅವರು ತಾವಾಗಿ ಹೇಳದಿದ್ದರೂ, ಲಕ್ಷಣ ಕಾಣದಿದ್ದರೂ, ನಾವೇ ಮುಂದಾಗಿ ಕೇಳಿ, ಬೇಕಾದರೆ ಪರೀಕ್ಷೆ ಮಾಡಿ ತೊಂದರೆಯನ್ನು ಬೇಗ ಪತ್ತೆ ಹಚ್ಚುವುದು. ಇದನ್ನು ಕ್ಯಾಶುವಾಲ್ಟಿಯಲ್ಲೇ ಯಾಕೆ ಮಾಡಬೇಕು? ಯಾಕೆಂದರೆ ಈ ವಯಸ್ಸಿನವರು ಬೇರೆಲ್ಲಿಗೂ ಬರುವುದಿಲ್ಲ. ಬಾಣಂತಿ, ಮಗು ಇರುವ ಮನೆಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ. ಪಿಯುಸಿ ಹುಡುಗನನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಅವು ನಡೆಯುವುದು ಹಗಲು ಹೊತ್ತು, ಕಾಲೇಜಿನ ಸಮಯದಲ್ಲಿ. ಅದರ ಬಾಗಿಲಿಗೆ ಹೋದವರನ್ನು ಊರೇ ನೋಡುತ್ತದೆ. ಬೈಕಿನಿಂದ ಬಿದ್ದಾಗ, ಜ್ವರ ಬಂದಾಗ, ತಲೆ ತಿರುಗಿ ಬಿದ್ದಾಗ ಮಾತ್ರ ಅದೇ ಮಕ್ಕಳು ನಮ್ಮ ಮುಂದೆ ಇರುತ್ತಾರೆ. ಆ ಒಂದು ಭೇಟಿ ತಪ್ಪಿದರೆ ಇನ್ನೊಂದು ಸಿಗುವುದು ಅನುಮಾನ.

ಪರೀಕ್ಷೆಯ ಕಿಟ್ ಇಲ್ಲ, ಲ್ಯಾಬ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ನಮ್ಮಲ್ಲಿ ಇಲ್ಲದಿರುವುದು ಕಿಟ್ ಅಲ್ಲ, ಒಂಟಿಯಾಗಿ ಮಾತಾಡುವ ಐದು ನಿಮಿಷ. ಅದೊಂದು ಸಿಕ್ಕಿದರೆ ಉಳಿದದ್ದು ತಾನಾಗಿ ಸಾಲುಗೂಡುತ್ತದೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಗರ್ಭ ಪರೀಕ್ಷೆಯ ಕಿಟ್‌ಗಳು ಎಮರ್ಜೆನ್ಸಿ ಟ್ರೇ ಪಕ್ಕದಲ್ಲೇ ಇರಲಿ. ಸರ್ಕಾರಿ ಸರಬರಾಜಿನ ನಿಶ್ಚಯ್ ಕಿಟ್ ಸಾಕು. ಹೆರಿಗೆ ವಾರ್ಡಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ರಾತ್ರಿ ಎರಡು ಗಂಟೆಗೆ ಯಾರೂ ತರುವುದಿಲ್ಲ. ಮುಚ್ಚಳ ಇರುವ ಮೂತ್ರದ ಬಾಟಲಿ, ತುರ್ತು ಗರ್ಭನಿರೋಧಕ ಮಾತ್ರೆ, ಎಚ್‌ಐವಿ ತಡೆಯುವ ಪೆಪ್ ಔಷಧದ ಮೊದಲ ಡೋಸ್ ಎಲ್ಲಿದೆ ಅನ್ನುವ ಮಾಹಿತಿ, ಲೈಂಗಿಕ ದೌರ್ಜನ್ಯ ಪ್ರಕರಣಕ್ಕೆ ಬೇಕಾಗುವ ಸ್ಯಾಂಪಲ್ ಕಿಟ್, ಇಷ್ಟು ಬೇಕು. ಜೊತೆಗೆ ಗೋಡೆಗೆ ಅಂಟಿಸಲು ಒಂದು ಹಾಳೆ. ಅದರಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಏಡ್ಸ್ ಸಹಾಯವಾಣಿ 1097, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416 ದಪ್ಪ ಅಕ್ಷರದಲ್ಲಿರಲಿ. ಕೆಳಗೆ ನಿಮ್ಮ ಆಸ್ಪತ್ರೆಯ ಐಸಿಟಿಸಿ ಆಪ್ತ ಸಮಾಲೋಚಕರ ಆಫೀಸಿನ ನಂಬರ್ ಬರೆಯಿರಿ. ಐಸಿಟಿಸಿ ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಉಚಿತವಾಗಿ ಸಿಗುವ ಸರ್ಕಾರಿ ಕೇಂದ್ರ.

ಹಂತ 1: ಒಂಟಿಯಾಗಿ ಮಾತಾಡಲು ಜಾಗ ಮಾಡಿಕೊಳ್ಳಿ

ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. ಪರದೆ ಎಳೆದರೆ ಕಣ್ಣಿಗೆ ಮರೆಯಾಗುತ್ತದೆ, ಕಿವಿಗಲ್ಲ. ಪಕ್ಕದ ಮಂಚದಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿರುವವರು ಅದೇ ಊರಿನವರಾಗಿರುತ್ತಾರೆ. ಮಲೆನಾಡಿನ ಸಣ್ಣ ಪೇಟೆಗಳಲ್ಲಿ 'ಯಾರ ಮನೆ ಹುಡುಗಿ' ಅನ್ನುವುದು ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ. ಆಟಿ ತಿಂಗಳಲ್ಲಂತೂ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನಾವೇ ದನಿ ಏರಿಸಿ ಮಾತಾಡುತ್ತೇವೆ. 'ಮುಟ್ಟು ಯಾವಾಗ ಆಗಿದ್ದು?' ಅನ್ನುವ ಪ್ರಶ್ನೆ ಇಡೀ ವಾರ್ಡಿಗೆ ಕೇಳುತ್ತದೆ. ಆಮೇಲೆ ಆ ಹುಡುಗಿ ಬಾಯಿ ಬಿಡುತ್ತಾಳಾ?

ಹಾಗಾಗಿ ನಿಮ್ಮ ಕ್ಯಾಶುವಾಲ್ಟಿಯಲ್ಲಿ ಗೋಡೆ, ಬಾಗಿಲು ಇರುವ ಒಂದು ಜಾಗ ಗುರುತಿಸಿ. ಡ್ರೆಸ್ಸಿಂಗ್ ರೂಮು, ಇಸಿಜಿ ತೆಗೆಯುವ ಕೋಣೆ, ಸಿಸ್ಟರ್‌ಗಳ ಸಣ್ಣ ರೂಮು, ಯಾವುದಾದರೂ ಆದೀತು. ಅದೂ ಇಲ್ಲದಿದ್ದರೆ ಮೂತ್ರದ ಸ್ಯಾಂಪಲ್ ಕೊಡಲು ಹುಡುಗಿಯನ್ನು ಕರೆದುಕೊಂಡು ಹೋಗುವ ಆ ಓಡಾಟವನ್ನೇ ಬಳಸಿಕೊಳ್ಳಿ. ಸಿಸ್ಟರ್ ಜೊತೆ ಟಾಯ್ಲೆಟ್‌ವರೆಗೆ ಹೋಗಿ ಬರುವ ಆ ಕಾರಿಡಾರಿನಲ್ಲಿ, ಬಾಟಲಿ ಕೈಗೆ ಕೊಡುವಾಗ, ಎಷ್ಟೋ ಹುಡುಗಿಯರು ಡಾಕ್ಟರ್ ಮುಂದೆ ಹೇಳದ್ದನ್ನು ಹೇಳಿದ್ದಾರೆ. ಅಲ್ಲಿ ಅಪ್ಪ ಬರುವುದಿಲ್ಲ, ಅಮ್ಮನೂ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತಾರೆ.

ಜೊತೆಗೆ ಬಂದವರನ್ನು ಹೊರಗೆ ಕಳಿಸುವುದು ಹೇಗೆ? 'ನೀವು ಹೊರಗೆ ಹೋಗಿ' ಅಂದರೆ ಅನುಮಾನ ಹುಟ್ಟುತ್ತದೆ. ಹೀಗೆ ಹೇಳಿ ನೋಡಿ: 'ಯಜಮಾನ್ರೇ, ಈ ವಯಸ್ಸಿನ ಎಲ್ಲ ಮಕ್ಕಳ ಹತ್ರಾನೂ ನಾವು ಐದು ನಿಮಿಷ ಬೇರೆಯಾಗಿ ಮಾತಾಡ್ತೀವಿ. ಇಲ್ಲಿ ಎಲ್ಲರಿಗೂ ಹಾಗೇ ಮಾಡೋದು. ಅಷ್ಟರಲ್ಲಿ ಈ ಚೀಟಿ ಕೌಂಟರಿನಲ್ಲಿ ಮಾಡಿಸ್ಕೊಂಡು ಬನ್ನಿ.' ಎರಡು ಮಾತು ಮುಖ್ಯ. ಒಂದು, ಎಲ್ಲರಿಗೂ ಹಾಗೇ ಅನ್ನುವುದು. ಅದು ಸುಳ್ಳಾಗಬಾರದು, ಅಂದರೆ ನೀವು ನಿಜವಾಗಿಯೂ ಎಲ್ಲರಿಗೂ ಹಾಗೇ ಮಾಡಬೇಕು. ಕಾಲು ಮುರಿದುಕೊಂಡು ಬಂದ ಹುಡುಗನಿಗೂ. ಇನ್ನೊಂದು, ಅವರ ಕೈಗೆ ಒಂದು ಕೆಲಸ ಕೊಡುವುದು.

ಅಮ್ಮ ಹಠ ಹಿಡಿದರೆ ಜಗಳ ಬೇಡ. 'ಅಮ್ಮಾ, ನೀವು ಮೊದಲು ಹೇಳ್ಬೇಕಾದ್ದು ಹೇಳಿ, ಆಮೇಲೆ ನಾನು ಅವಳನ್ನ ಪರೀಕ್ಷೆ ಮಾಡ್ತೀನಿ' ಅನ್ನಿ. ಅಮ್ಮನ ಆತಂಕ ಮೊದಲು ಕೇಳಿಸಿಕೊಂಡರೆ ಸಾಮಾನ್ಯವಾಗಿ ಅವರೇ ಎದ್ದು ಹೋಗುತ್ತಾರೆ. ವೈದ್ಯರು ಗಂಡಸಾಗಿದ್ದು ಬಂದವಳು ಹುಡುಗಿಯಾದರೆ ಒಬ್ಬ ಸಿಸ್ಟರ್ ಜೊತೆಗಿರಲೇಬೇಕು.

ಇಲ್ಲಿ ಆಗುವ ಎರಡು ಎಡವಟ್ಟುಗಳನ್ನು ಹೇಳಿಬಿಡುತ್ತೇನೆ. ಭಾಷೆ ಬಾರದಿದ್ದಾಗ ಜೊತೆಗೆ ಬಂದ ಅಕ್ಕನನ್ನೋ ಚಿಕ್ಕಪ್ಪನನ್ನೋ ಅನುವಾದಕ್ಕೆ ನಿಲ್ಲಿಸಿಕೊಳ್ಳುತ್ತೇವೆ. ಶಿಕಾರಿಪುರ ಕಡೆಯ ತಾಂಡಾದಿಂದ ಬಂದವರಿಗೆ ಲಂಬಾಣಿ, ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಆ ಭಾಷೆ ಬಲ್ಲ ಸಿಬ್ಬಂದಿ ಯಾರು ಅಂತ ಮೊದಲೇ ತಿಳಿದಿಟ್ಟುಕೊಳ್ಳಿ. ಮನೆಯವರನ್ನು ಮಾತ್ರ ಅದಕ್ಕೆ ಬಳಸಬೇಡಿ. ಎರಡನೆಯದು ಹಾಸ್ಟೆಲ್. ಶಿವಮೊಗ್ಗ, ಭದ್ರಾವತಿಯ ಹಾಸ್ಟೆಲ್‌ಗಳಿಂದ ಮಕ್ಕಳನ್ನು ವಾರ್ಡನ್ ಕರೆತರುತ್ತಾರೆ. ವಾರ್ಡನ್ ಕರೆತಂದ ಮಾತ್ರಕ್ಕೆ ಪೋಷಕರಾಗುವುದಿಲ್ಲ. ಫಲಿತಾಂಶ ಅವರಿಗೆ ಹೇಳುವ ಅಗತ್ಯವೂ ಇಲ್ಲ, ಹೇಳಲೂಬಾರದು. ಹೇಳಿದರೆ ಆ ಹುಡುಗಿ ಮರುದಿನ ಹಾಸ್ಟೆಲ್‌ನಲ್ಲಿ ಇರುವುದೇ ಅನುಮಾನ.

ಹಂತ 2: ಯಾವುದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ, ಅದನ್ನು ಮೊದಲೇ ಹೇಳಿ

ಇದನ್ನು ಬಿಟ್ಟು ನೇರ ಪ್ರಶ್ನೆಗೆ ಹೋಗುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. 'ಏನೇ ಇದ್ರೂ ಹೇಳು, ಯಾರಿಗೂ ಹೇಳಲ್ಲ' ಅಂತ ಮಾತು ಕೊಟ್ಟು, ಆಮೇಲೆ ಪೊಲೀಸರಿಗೆ ತಿಳಿಸಿದರೆ ಆ ಮಗು ಮತ್ತೆ ಯಾವ ಡಾಕ್ಟರನ್ನೂ ನಂಬುವುದಿಲ್ಲ.

ಕಾನೂನು ಹೀಗಿದೆ. 2012ರ ಪೋಕ್ಸೋ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, 18 ತುಂಬದ ಎಲ್ಲರನ್ನೂ ಮಗು ಎನ್ನುತ್ತದೆ. ಹುಡುಗ, ಹುಡುಗಿ ಇಬ್ಬರಿಗೂ ಇದು ಅನ್ವಯ. 18ರೊಳಗೆ 'ಇಬ್ಬರಿಗೂ ಒಪ್ಪಿಗೆ ಇತ್ತು' ಅನ್ನುವುದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಇಂಥದ್ದು ನಡೆದಿದೆ ಅಂತ ಗೊತ್ತಾದವರು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಲೇಬೇಕು ಎನ್ನುತ್ತದೆ 19ನೇ ಸೆಕ್ಷನ್. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. 'ಮದುವೆ ಆಗಿದೆ ಮೇಡಂ' ಅಂದರೂ ಇದು ಬದಲಾಗುವುದಿಲ್ಲ. ಹೆಂಡತಿಗೆ 18 ತುಂಬಿಲ್ಲದಿದ್ದರೆ ಅದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪ್ರೀತಿಸಿದ ಹದಿಹರೆಯದವರನ್ನೂ ಇದೇ ಕಾನೂನಿನಡಿ ತರುವುದು ಸರಿಯೇ ಎಂಬ ಚರ್ಚೆ ದೇಶದಲ್ಲಿ ನಡೆದೇ ಇದೆ. ನನಗೂ ಅದರ ಬಗ್ಗೆ ನೋವಿದೆ. ಆದರೆ ಡ್ಯೂಟಿಯಲ್ಲಿ ನಿಂತವರಿಗೆ ಇವತ್ತು ಇರುವ ಕಾನೂನೇ ಕಾನೂನು.

ಹಾಗಾದರೆ 18ರೊಳಗಿನವರನ್ನು ಕೇಳದೇ ಬಿಡುವುದು ಒಳ್ಳೆಯದಾ? ಅಲ್ಲ. ಕೇಳದೇ ಬಿಟ್ಟರೆ ದೌರ್ಜನ್ಯ ಅನುಭವಿಸುತ್ತಿರುವ ಮಗುವೂ ನಮ್ಮ ಕೈತಪ್ಪಿ ಹೋಗುತ್ತದೆ, ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತ ಗರ್ಭ ಒಡೆದು ರಕ್ತ ಸುರಿಯುತ್ತಿರುವ ಹುಡುಗಿಯೂ ಗ್ಯಾಸ್ ಮಾತ್ರೆ ತಗೊಂಡು ಮನೆಗೆ ಹೋಗುತ್ತಾಳೆ. ಕೇಳಬೇಕು, ಆದರೆ ಹೀಗೆ ಶುರು ಮಾಡಬೇಕು:

'ನೀನು ಹೇಳೋದನ್ನ ನಾನು ಸುಮ್ನೆ ಬೇರೆಯವರಿಗೆ ಹೇಳಲ್ಲ. ಆದ್ರೆ ಮೂರು ವಿಷಯ ನನ್ನ ಹತ್ರಾನೇ ಇಟ್ಕೊಳ್ಳೋಕೆ ಆಗಲ್ಲ. ನಿನ್ನ ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ನಿನಗೆ ತೊಂದರೆ ಕೊಡ್ತಿದ್ರೆ, ಮತ್ತೆ ನಿನಗೆ ಹದಿನೆಂಟು ಆಗಿಲ್ದೆ ದೈಹಿಕ ಸಂಬಂಧ ಆಗಿದ್ರೆ ನಾನು ಕಾನೂನು ಪ್ರಕಾರ ತಿಳಿಸ್ಬೇಕು. ಹಾಗೇನಾದ್ರೂ ಆದ್ರೆ ನಿನಗೆ ಹೇಳಿಯೇ ಮಾಡ್ತೀನಿ. ಚಿಕಿತ್ಸೆ ಮಾತ್ರ ಏನೇ ಆದ್ರೂ ನಿಲ್ಸಲ್ಲ.'

18 ತುಂಬಿದವರಿಗೆ ಮೂರನೆಯ ಮಾತು ಬೇಡ. ಅವರು ವಯಸ್ಕರು. ಅವರ ಅನುಮತಿ ಇಲ್ಲದೆ ಅಪ್ಪ ಅಮ್ಮನಿಗೂ ಹೇಳುವಂತಿಲ್ಲ. 19ರ ಹುಡುಗಿಯ ಗರ್ಭ ಪರೀಕ್ಷೆ ಫಲಿತಾಂಶವನ್ನು ಅಣ್ಣನ ಕೈಗೆ ಕೊಡುವುದನ್ನು ನಾನು ಕಂಡಿದ್ದೇನೆ. ಅದು ತಪ್ಪು.

ಹಂತ 3: ಪ್ರಶ್ನೆಗಳ ಸರದಿ

ಒಮ್ಮೆಲೇ ಲೈಂಗಿಕ ವಿಷಯಕ್ಕೆ ಹಾರಬೇಡಿ. ಹೆಡ್ಸ್ ಅನ್ನುವ ಕ್ರಮ ಒಂದಿದೆ: ಮನೆ, ಓದು, ಹವ್ಯಾಸ ಮತ್ತು ಗೆಳೆಯರು, ಕುಡಿತ ಮತ್ತು ಮಾದಕ ವಸ್ತು, ಲೈಂಗಿಕತೆ, ಕೊನೆಗೆ ಸಾಯುವ ಯೋಚನೆ. ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗುವ ದಾರಿ ಇದು. ಕ್ಯಾಶುವಾಲ್ಟಿಯಲ್ಲಿ ಎಲ್ಲಾ ಕೇಳುವಷ್ಟು ಪುರುಸೊತ್ತು ಇರುವುದಿಲ್ಲ, ಮನೆ ಮತ್ತು ಕಾಲೇಜಿನ ಬಗ್ಗೆ ಒಂದೊಂದು ಮಾತಾಡಿಸಿ ಮುಂದೆ ಹೋಗಿ.

ಪದಗಳ ಬಗ್ಗೆ ಎಚ್ಚರ ಇರಲಿ. 'ಲೈಂಗಿಕವಾಗಿ ಸಕ್ರಿಯವಾಗಿದ್ದೀಯಾ?' ಅಂತ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. 'ತಪ್ಪು ಮಾಡಿದ್ದೀಯಾ?' ಅಂತಲೋ 'ಯಾರ ಜೊತೆಗಾದ್ರೂ ಓಡಾಡ್ತಿದ್ದೀಯಾ?' ಅಂತಲೋ ಕೇಳಿದರೆ ಅದು ವಿಚಾರಣೆ ಆಗುತ್ತದೆ. ಹೀಗೆ ಕೇಳಬಹುದು: 'ನಿನ್ನ ವಯಸ್ಸಿನ ಕೆಲವರಿಗೆ ಸ್ನೇಹಿತರ ಜೊತೆ ದೈಹಿಕ ಸಂಬಂಧ ಇರುತ್ತೆ, ಕೆಲವರಿಗೆ ಇರಲ್ಲ. ನಿನಗೆ ಯಾವತ್ತಾದ್ರೂ ಆಗಿದೆಯಾ?' ಆಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬುವ ಆತುರ ಬೇಡ. ಹೌದು ಅಂದರೆ ಮುಂದಿನದು: 'ಅದು ನಿನ್ನ ಇಷ್ಟದಿಂದ ಆಗಿದ್ದಾ? ಯಾರಾದ್ರೂ ಹೆದರಿಸಿದ್ರಾ, ದುಡ್ಡೋ ಮೊಬೈಲೋ ಕೊಟ್ರಾ, ಫೋಟೊ ಇಟ್ಕೊಂಡಿದ್ದಾರಾ?' ಕೊನೆಯದನ್ನು ಈಗ ಕೇಳಲೇಬೇಕು. ಕಡೇ ಸಲ ಯಾವಾಗ, ಕಾಂಡೋಮ್ ಬಳಸಿದ್ದರಾ, ಮುಟ್ಟು ಯಾವಾಗ ಆಗಿದ್ದು, ಉರಿಮೂತ್ರ, ಬಿಳಿಸೆರಗು, ಹುಣ್ಣು ಇದೆಯಾ, ಇಷ್ಟು ಸಾಕು. ಹುಡುಗರ ಹತ್ತಿರ 'ಹುಡುಗಿ' ಅಂತಲೇ ಊಹಿಸಿ ಕೇಳಬೇಡಿ, 'ಜೊತೆಗಿದ್ದವರು' ಅನ್ನಿ. ಗಂಡು ಗಂಡಿನ ಸಂಬಂಧ ಇದ್ದವನು ಒಂದೇ ಪದದಿಂದ ಬಾಗಿಲು ಮುಚ್ಚಿಕೊಂಡುಬಿಡುತ್ತಾನೆ.

ಬಾಯಿಬಿಟ್ಟು ಹೇಳಲು ಆಗದವರಿಗೆ ಬೇರೆ ದಾರಿ ಇದೆ. ಅಮೆರಿಕದ ಕೆಲವು ಮಕ್ಕಳ ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ ಕಾಯುವ ಹೊತ್ತಿಗೆ ಟ್ಯಾಬ್ ಕೈಗೆ ಕೊಡುತ್ತಾರೆ, ಮಕ್ಕಳು ತಾವೇ ಉತ್ತರ ಒತ್ತುತ್ತಾರೆ. ನಮಗೆ ಟ್ಯಾಬ್ ಬೇಕಿಲ್ಲ. ಆರೇಳು ಪ್ರಶ್ನೆಗಳನ್ನು ದೊಡ್ಡಕ್ಷರದ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ. ಹೌದು, ಇಲ್ಲ, ಹೇಳಲು ಇಷ್ಟವಿಲ್ಲ ಅನ್ನುವ ಮೂರು ಚೌಕ ಇರಲಿ. ಬೆರಳಿಟ್ಟು ತೋರಿಸಿದರೆ ಸಾಕು, ದನಿಯೇ ಹೊರಬರಬೇಕಾಗಿಲ್ಲ. ಮೂರನೆಯ ಚೌಕ ಮರೆಯಬೇಡಿ. 'ಹೇಳಲು ಇಷ್ಟವಿಲ್ಲ' ಅಂತ ಬೆರಳಿಟ್ಟವರ ಹತ್ತಿರ ಮತ್ತೆ ಒಂದು ನಿಮಿಷ ಕೂರಬೇಕು.

ಹಂತ 4: ಪರೀಕ್ಷೆಗಳು

ಮುಟ್ಟು ಶುರುವಾದ ಯಾವುದೇ ಹುಡುಗಿ ಹೊಟ್ಟೆನೋವು, ವಾಂತಿ, ತಲೆಸುತ್ತು, ರಕ್ತಸ್ರಾವ ಅಂತ ಬಂದರೆ, ವಿಷ ಕುಡಿದು ಬಂದರೆ, ಅಥವಾ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್‌ಗೆ ಹೋಗುವ ಮುನ್ನ, ಮೂತ್ರದ ಗರ್ಭ ಪರೀಕ್ಷೆ ಮಾಡಿ. ಅವಳಿಗೆ ಹೇಳಿಯೇ ಮಾಡಿ: 'ಹೊಟ್ಟೆನೋವು ಅಂತ ಬಂದ ಎಲ್ಲ ಹುಡುಗಿಯರಿಗೂ ಇದನ್ನ ಮಾಡ್ತೀವಿ.' ಮುಖ ನೋಡಿ, ಮನೆತನ ನೋಡಿ ಯಾರಿಗೆ ಮಾಡಬೇಕು ಅಂತ ಆರಿಸಲು ಹೋದರೆ ತಪ್ಪುವುದು ಖಂಡಿತ. 'ಪಾಪ, ಒಳ್ಳೇ ಮನೆ ಹುಡುಗಿ' ಅಂತ ಬಿಟ್ಟ ಪರೀಕ್ಷೆಯೇ ಜೀವಕ್ಕೆ ಕುತ್ತು ತರುತ್ತದೆ. ಡ್ರಿಪ್ ಎರಡು ಬಾಟಲಿ ಹೋದ ಮೇಲೆ ಮೂತ್ರ ತೆಳುವಾಗಿ ಪರೀಕ್ಷೆ ನೆಗೆಟಿವ್ ತೋರಿಸಬಹುದು. ಅನುಮಾನ ಉಳಿದರೆ ರಕ್ತದ ಬೀಟಾ ಎಚ್‌ಸಿಜಿ, ಅಂದರೆ ರಕ್ತದಲ್ಲಿ ಗರ್ಭದ ಹಾರ್ಮೋನ್ ನೋಡುವ ಪರೀಕ್ಷೆ, ಮಾಡಿಸಿ.

ಲೈಂಗಿಕ ಸೋಂಕುಗಳ ವಿಷಯ ಸ್ವಲ್ಪ ಬೇರೆ. ಕ್ಲಮಿಡಿಯಾ ಎನ್ನುವ ಸೋಂಕು ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬಿಟ್ಟರೆ ಗರ್ಭನಾಳಕ್ಕೆ ಏರಿ ಮುಂದೆ ಬಂಜೆತನಕ್ಕೆ ಕಾರಣವಾಗಬಹುದು. ಅದಕ್ಕೇ ಅಮೆರಿಕದ ಸಿಡಿಸಿ ಸಂಸ್ಥೆ ಲೈಂಗಿಕ ಸಂಪರ್ಕ ಇರುವ 25 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ ಕ್ಲಮಿಡಿಯಾ, ಗೊನೊರಿಯಾ ಪರೀಕ್ಷೆ ಮಾಡಬೇಕು ಎನ್ನುತ್ತದೆ. ಅಲ್ಲಿ ಮೂತ್ರದಲ್ಲೇ ಸೋಂಕಿನ ಜೀನ್ ಹುಡುಕುವ ನ್ಯಾಟ್ ಪರೀಕ್ಷೆ ಸುಲಭವಾಗಿ ಸಿಗುತ್ತದೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ನಮ್ಮಲ್ಲಿ ಲಕ್ಷಣ ನೋಡಿ ಔಷಧ ಕೊಡುವ ಪದ್ಧತಿ, ಅದಕ್ಕೆ ಬಣ್ಣದ ಕಿಟ್‌ಗಳು: ಮೂತ್ರನಾಳ ಅಥವಾ ಗರ್ಭಕಂಠದ ಸ್ರಾವಕ್ಕೆ ಬೂದು, ಬಿಳಿಸೆರಗಿಗೆ ಹಸಿರು, ಕೆಳಹೊಟ್ಟೆ ನೋವಿಗೆ ಹಳದಿ. ಒಳಗಿನ ಮಾತ್ರೆ ಮತ್ತು ಡೋಸನ್ನು ಈಗಿನ ಮಾರ್ಗಸೂಚಿಯ ಜೊತೆ ಹೋಲಿಸಿಯೇ ಕೊಡಿ. ಲಕ್ಷಣ ಇಲ್ಲದವರಿಗೆ ಕಿಟ್ ಇಲ್ಲ, ಅವರನ್ನು ಹಂತ 8ರಲ್ಲಿ ಹೇಳಿದ ಸುರಕ್ಷಾ ಕ್ಲಿನಿಕ್‌ಗೆ ತಲುಪಿಸಬೇಕು.

ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನು ಜೊತೆಯಾಗಿ ಮಾಡಿಸಿ. 2017ರ ಎಚ್‌ಐವಿ ಕಾಯ್ದೆಯಂತೆ ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. 'ರಕ್ತ ತಗೋತಿದ್ದೀವಿ, ಎಲ್ಲಾ ಸೇರಿಸಿ ನೋಡ್ತೀವಿ' ಅಂತ ಸೇರಿಸಿಬಿಡುವುದು ಕಾನೂನಿಗೆ ವಿರುದ್ಧ.

ಹಂತ 5: ಕಾಯಲಾಗದ ಮೂರು ಸಂಗತಿ

ಗರ್ಭ ಪರೀಕ್ಷೆ ಪಾಸಿಟಿವ್ ಬಂದು ಹೊಟ್ಟೆನೋವೂ ಇದ್ದರೆ, ಬೇರೆ ಅಂತ ಖಚಿತವಾಗುವವರೆಗೆ ಅದು ನಳಿಕೆಯ ಗರ್ಭವೇ. ಎರಡು ದಪ್ಪ ಕ್ಯಾನುಲಾ ಹಾಕಿ, ರಕ್ತದ ಗುಂಪು ನೋಡಿ, ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಇರುವ ಕಡೆಗೆ 108ರಲ್ಲಿ ಕಳಿಸಿ. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಮಳೆಗಾಲದ ರಾತ್ರಿಯಲ್ಲಿ ಅದು ಸಣ್ಣ ದೂರವಲ್ಲ. 'ಬೆಳಿಗ್ಗೆ ನೋಡೋಣ' ಅನ್ನುವ ಮಾತು ಬೇಡ. ಸಿಗಂದೂರು ಸೇತುವೆ 2025ರಲ್ಲಿ ಆದ ಮೇಲೆ ತುಮರಿ ಕಡೆಯವರು ಲಾಂಚ್‌ಗೆ ಕಾಯದೆ ಸಾಗರಕ್ಕೆ ಬರಬಹುದಾಗಿದೆ. ನಮ್ಮ ಬಾಗಿಲಿಗೆ ಬಂದ ಮೇಲೆ ನಾವು ತಡ ಮಾಡಬಾರದು, ಅಲ್ವಾ?

ಎರಡನೆಯದು ಹುಡುಗರದ್ದು. ಕೆಳಹೊಟ್ಟೆ ನೋವು ಅಂತ ಬರುವ ಹುಡುಗ ನಾಚಿಕೆಗೆ ವೃಷಣದ ನೋವನ್ನು ಹೇಳುವುದಿಲ್ಲ. ಚಡ್ಡಿ ಬಿಚ್ಚಿಸಿ ನೋಡದೆ ಬಿಟ್ಟರೆ ವೃಷಣ ತಿರುಚಿಕೊಂಡದ್ದು ಗೊತ್ತಾಗುವುದೇ ಇಲ್ಲ. ಸುಮಾರು ಆರು ಗಂಟೆಯೊಳಗೆ ಬಿಡಿಸದಿದ್ದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಸೋಂಕು ಅಂತ ಆಂಟಿಬಯಾಟಿಕ್ ಬರೆಯುವ ಮುನ್ನ ಸರ್ಜನ್‌ಗೆ ಫೋನ್ ಮಾಡಿ.

ಮೂರನೆಯದು ಗಡಿಯಾರದ ವಿಷಯ. ಅಪಾಯದ ಸಂಪರ್ಕ ಅಥವಾ ದೌರ್ಜನ್ಯ ಆಗಿ 72 ಗಂಟೆ ದಾಟಿರದಿದ್ದರೆ ಎಚ್‌ಐವಿ ತಡೆಯುವ ಪೆಪ್ ಔಷಧದ ಬಗ್ಗೆ ಕೂಡಲೇ ಎಆರ್‌ಟಿ ಕೇಂದ್ರದ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರದ, ವೈದ್ಯರ ಜೊತೆ ಮಾತಾಡಿ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಪರೀಕ್ಷೆಯ ಫಲಿತಾಂಶಕ್ಕೆ ಕಾದು ಮೊದಲ ಡೋಸ್ ತಡಮಾಡಬಾರದು. ಒಟ್ಟು 28 ದಿನ ತಪ್ಪದೆ ನುಂಗಬೇಕು. ಗರ್ಭ ತಡೆಯಲು ಲಿವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ ಒಂದು, ಇದೂ 72 ಗಂಟೆಯೊಳಗೆ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಕೇಳಿ.

ಇನ್ನೊಂದು ಮಾತು. ಮಲೆನಾಡಿನ ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಕೈಗೆ ಸಿಗುವಂತೆಯೇ ಇರುತ್ತದೆ. ಅದನ್ನು ಕುಡಿದು ಬಂದ ಮಕ್ಕಳನ್ನು 'ಪರೀಕ್ಷೆಯಲ್ಲಿ ಮಾರ್ಕ್ಸ್ ಕಮ್ಮಿ ಬಂತಂತೆ' ಅಂತ ಮನೆಯವರು ಹೇಳಿದ್ದಕ್ಕೇ ಬಿಡಬೇಡಿ. ಜೀವಕ್ಕೆ ಅಪಾಯ ತಪ್ಪಿದ ಮೇಲೆ ಹಂತ 1ರಿಂದ ಶುರು ಮಾಡಿ, ಒಂಟಿಯಾಗಿ ಕೇಳಿ. ಗರ್ಭ ನಿಂತದ್ದು, ಫೋಟೊ ತೋರಿಸಿ ಹೆದರಿಸಿದ್ದು, ಮನೆಯೊಳಗಿನ ದೌರ್ಜನ್ಯ, ಇವು ಆ ಬಾಟಲಿಯ ಹಿಂದೆ ಇರಬಹುದು.

ಹಂತ 6: 18ರೊಳಗಿನವರು ಹೌದು ಅಂದರೆ, ಅಥವಾ ಪರೀಕ್ಷೆ ಪಾಸಿಟಿವ್ ಬಂದರೆ

ಮೊದಲು ಅವಳಿಗೇ ಹೇಳಿ, ಒಂಟಿಯಾಗಿ. ಅಮ್ಮನಿಗೆ ಹೇಗೆ ಹೇಳಬೇಕು, ಅಮ್ಮನೋ ದೊಡ್ಡಮ್ಮನೋ ಅಜ್ಜಿಯೋ, ಯಾರು ಅವಳ ಪರ ನಿಲ್ಲುತ್ತಾರೆ ಅಂತ ಅವಳನ್ನೇ ಕೇಳಿ. ತೊಂದರೆ ಕೊಟ್ಟವರು ಮನೆಯವರೇ ಆಗಿರಬಹುದು ಅನ್ನುವುದು ಮನಸ್ಸಿನಲ್ಲಿರಲಿ. ಹಾಗಿದ್ದರೆ ಅವಳನ್ನು ಅವರ ಜೊತೆ ವಾಪಸ್ ಕಳಿಸಬೇಡಿ, ಅಡ್ಮಿಟ್ ಮಾಡಿಕೊಳ್ಳಿ, 1098ಕ್ಕೆ ಫೋನ್ ಮಾಡಿ.

ಚಿಕಿತ್ಸೆಗೆ ಪೊಲೀಸರ ಪತ್ರ, ಕೋರ್ಟಿನ ಆದೇಶ ಯಾವುದೂ ಬೇಕಿಲ್ಲ. ಪೋಕ್ಸೋದ 2020ರ ನಿಯಮಗಳು ಅದನ್ನು ಸ್ಪಷ್ಟವಾಗಿ ಹೇಳುತ್ತವೆ. 'ಮೊದಲು ಠಾಣೆಗೆ ಹೋಗಿ ಬನ್ನಿ' ಅಂತ ಕಳಿಸುವುದು ಈಗಲೂ ನಡೆಯುತ್ತಿದೆ, ನಿಲ್ಲಬೇಕು. ಹುಡುಗಿಯನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು, ಅವಳು ನಂಬುವ ಒಬ್ಬರು ಜೊತೆಗಿರಬೇಕು. 12 ದಾಟಿದ ಮಗು ತಾನೇ ಒಪ್ಪಿಗೆ ಕೊಡಬಹುದು, ಬೇಡ ಅನ್ನಲೂಬಹುದು. ಬೇಡ ಅಂದರೆ ಹಾಗೆಂದು ಬರೆದುಕೊಂಡು ಚಿಕಿತ್ಸೆ ಮುಂದುವರಿಸಿ. ಸ್ನಾನ ಮಾಡಿಸಬೇಡಿ, ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗಲ್ಲ, ಕಾಗದದ ಕವರಿಗೆ ಹಾಕಿ. ಎರಡು ಬೆರಳಿನ ಪರೀಕ್ಷೆ ಯಾವ ಕಾರಣಕ್ಕೂ ಇಲ್ಲ. ಅದನ್ನು ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಗರ್ಭ ಬೇಡವೆಂದರೆ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತದ ಕಾಯ್ದೆ, ಅವಕಾಶ ಕೊಡುತ್ತದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18ರೊಳಗಿನವರಿಗೆ ಮತ್ತು ದೌರ್ಜನ್ಯಕ್ಕೊಳಗಾದವರಿಗೆ 24 ವಾರದವರೆಗೂ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಮಾಡಬಹುದು. 18ರೊಳಗಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಕೇಸು, ಕೋರ್ಟು ಅನ್ನುವ ಹೆದರಿಕೆಗೆ ಎಷ್ಟೋ ಮನೆಯವರು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಗುಟ್ಟಾಗಿ ನುಂಗಿಸಿ, ರಕ್ತ ನಿಲ್ಲದಿದ್ದಾಗ ನಮ್ಮ ಹತ್ತಿರ ಓಡಿ ಬರುತ್ತಾರೆ. ಅವರಿಗೆ ಒಂದು ವಿಷಯ ತಿಳಿಸಿ. ಸುರಕ್ಷಿತ ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಬಗ್ಗೆ ಪೊಲೀಸರಿಗೆ ವರದಿ ಮಾಡುವಾಗ, ಅವಳು ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಹೆಸರು, ಗುರುತು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ. ಇದು ಗೊತ್ತಿರುವ ಸಿಬ್ಬಂದಿಯೇ ಕಡಿಮೆ.

ಹಂತ 7: ರಿಜಿಸ್ಟರ್, ಲ್ಯಾಬ್, ಫೋನ್

ಮಾತು ಎಷ್ಟೇ ಗುಟ್ಟಾಗಿ ನಡೆದಿರಲಿ, ಗುಟ್ಟು ಹೊರಬೀಳುವುದು ಈ ಮೂರು ಕಡೆಯಿಂದ.

ಕ್ಯಾಶುವಾಲ್ಟಿ ಮೇಜಿನ ಮೇಲೆ ಆ ಉದ್ದದ ರಿಜಿಸ್ಟರ್ ಸದಾ ತೆರೆದೇ ಇರುತ್ತದೆ. ಮುಂದಿನ ರೋಗಿ ಸಹಿ ಹಾಕಲು ಬಗ್ಗಿದಾಗ ಮೇಲಿನ ಸಾಲಿನ ಹೆಸರು, ಊರು, ರೋಗ ಮೂರೂ ಕಣ್ಣಿಗೆ ಬೀಳುತ್ತವೆ. ಸಾಲಿನ ಮೇಲೆ ಒಂದು ರಟ್ಟು ಇಡುವ ಅಭ್ಯಾಸ ಮಾಡಿಕೊಳ್ಳಿ. ವಿವರವನ್ನು ಕೇಸ್ ಶೀಟಿನಲ್ಲಿ ಪೂರ್ತಿ ಬರೆಯಿರಿ, ಮನೆಯವರ ಕೈಗೆ ಹೋಗುವ ಚೀಟಿಯಲ್ಲಿ ಬೇಡ. ಸುಳ್ಳು ಬರೆಯಬೇಡಿ, ಬೇಕಿಲ್ಲದ ಕಡೆ ಬರೆಯಬೇಡಿ, ಅಷ್ಟೇ.

ಲ್ಯಾಬಿನ ಕಿಟಕಿಯಿಂದ 'ಯೂಪಿಟಿ ಕೊಟ್ಟವರು ಯಾರ್ರೀ?' ಅಂತ ಕೂಗುವುದು ನಿಲ್ಲಬೇಕು (ಯೂಪಿಟಿ ಅಂದರೆ ಮೂತ್ರದ ಗರ್ಭ ಪರೀಕ್ಷೆ). ಹೆಸರು ಬರೆದ ಪ್ಲಾಸ್ಟರ್ ಅಂಟಿಸಿದ ಕಿಟ್ ಕಾರ್ಡು ಎರಡು ಗೆರೆಯ ಸಮೇತ ಟ್ರೇನಲ್ಲಿ ಬಿದ್ದಿರುತ್ತದೆ, ಅದೂ ನಿಲ್ಲಬೇಕು. ಕ್ಯಾಶುವಾಲ್ಟಿ ನಂಬರ್ ಮಾತ್ರ ಬರೆಯಿರಿ, ಓದಿದ ಕೂಡಲೇ ಕಸಕ್ಕೆ ಹಾಕಿ.

ಫೋನ್ ನಂಬರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಓಪಿ ಚೀಟಿ ಮಾಡಿಸುವಾಗ ಕೊಟ್ಟ ನಂಬರ್ ಅಪ್ಪನದ್ದು. ಫಲಿತಾಂಶ ಹೇಳಲು ಅದಕ್ಕೆ ಕರೆ ಮಾಡಿದರೆ ಮುಗಿಯಿತು. 'ನಿನಗೆ ನೇರ ಸಿಗುವ ನಂಬರ್ ಇದೆಯಾ? ಯಾವ ಹೊತ್ತಿಗೆ ಮಾಡಲಿ?' ಅಂತ ಕೇಳಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಊರಾದರೆ ಯಾವಾಗ ವಾಪಸ್ ಬರಲು ಆಗುತ್ತದೆ ಅನ್ನುವುದನ್ನು ಅವರ ಬಸ್ಸಿನ ಸಮಯಕ್ಕೇ ಹೊಂದಿಸಿ.

ಹಂತ 8: ಮುಂದಕ್ಕೆ ಕಳಿಸುವುದು

'ನಾಳೆ ಓಪಿಡಿಗೆ ಬಾ' ಅನ್ನುವುದು ಕಳಿಸಿದಂತಲ್ಲ. ಸುರಕ್ಷಾ ಕ್ಲಿನಿಕ್ ಅಂದರೆ ಲೈಂಗಿಕ ಸೋಂಕುಗಳಿಗೆಂದೇ ಇರುವ ಸರ್ಕಾರಿ ಕ್ಲಿನಿಕ್. ಅದು ಎಷ್ಟನೇ ನಂಬರ್ ಕೋಣೆ, ಯಾವ ವಾರ, ಎಷ್ಟು ಹೊತ್ತಿಗೆ, ಒಳಗೆ ಹೋಗಿ ಯಾರನ್ನು ಕೇಳಬೇಕು, ಇಷ್ಟನ್ನೂ ಹೇಳಿ. ಸಾಧ್ಯವಾದರೆ ಸಮಾಲೋಚಕರಿಗೆ ಅವರ ಎದುರೇ ಫೋನ್ ಮಾಡಿ. ಊರಿನ ಆಸ್ಪತ್ರೆ ಬೇಡ, ಯಾರಾದರೂ ನೋಡುತ್ತಾರೆ ಅಂದರೆ ಅದು ನ್ಯಾಯವಾದ ಭಯ. ಸೊರಬದವರನ್ನು ಸಾಗರಕ್ಕೋ ಶಿವಮೊಗ್ಗಕ್ಕೋ ಕಳಿಸಿ. ಎಚ್‌ಐವಿ ಪರೀಕ್ಷೆ ಇವತ್ತು ನೆಗೆಟಿವ್ ಬಂದರೂ ಆರು ವಾರಕ್ಕೆ, ಮತ್ತೆ ಮೂರು ತಿಂಗಳಿಗೆ ಮಾಡಿಸಬೇಕು ಅನ್ನುವುದನ್ನು ಬಾಯಲ್ಲಿ ಹೇಳಿ, ಅವರೇ ಮತ್ತೆ ಹೇಳುವಂತೆ ಮಾಡಿ. ಸೋಂಕು ಇದ್ದರೆ ಜೊತೆಗಾರರಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ವಾಪಸ್ ಬರುತ್ತದೆ.

ಏನೂ ತೊಂದರೆ ಇಲ್ಲದ ಮಕ್ಕಳಿಗೂ ಆ ಐದು ನಿಮಿಷದಲ್ಲಿ ಕೊಡುವಂಥದ್ದಿದೆ. ಎಚ್‌ಪಿವಿ ಲಸಿಕೆ 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಉಪಯೋಗ, ಗರ್ಭಕಂಠದ ಕ್ಯಾನ್ಸರ್ ತಡೆಯುತ್ತದೆ. ಜೊತೆಗೆ ಬಂದ ಅಮ್ಮನಿಗೆ ತಂಗಿಯ ಬಗ್ಗೆ ಹೇಳಿ.

ಶುರು ಮಾಡುವವರಿಗೆ

ಎಲ್ಲ ಹಂತಗಳನ್ನೂ ಒಂದೇ ವಾರದಲ್ಲಿ ತರಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಮೊದಲ ವಾರ ಕೋಣೆ ಗುರುತಿಸಿ, ಗರ್ಭ ಪರೀಕ್ಷೆ ಕಿಟ್ ಟ್ರೇಗೆ ತನ್ನಿ, ರಿಜಿಸ್ಟರ್ ಮೇಲೆ ರಟ್ಟು ಇಡಿ. ಮೂರಕ್ಕೂ ಯಾರ ಆದೇಶವೂ ಬೇಕಿಲ್ಲ. ಎರಡನೇ ವಾರ ಹಂತ 2ರ ಮಾತುಗಳನ್ನು ಪಾಳಿ ಬದಲಾಗುವಾಗ ಎಲ್ಲ ಸಿಸ್ಟರ್‌ಗಳ ಜೊತೆ ಜೋರಾಗಿ ಹೇಳಿ ಅಭ್ಯಾಸ ಮಾಡಿ, ನಾಲಿಗೆಗೆ ಹೊರಳಬೇಕು. ಆಮೇಲೆ ತಿಂಗಳಿಗೊಮ್ಮೆ, ಹೊಟ್ಟೆನೋವು ಅಂತ ಬಂದ 10ರಿಂದ 19ರ ಹುಡುಗಿಯರಲ್ಲಿ ಎಷ್ಟು ಜನರಿಗೆ ಗರ್ಭ ಪರೀಕ್ಷೆ ಆಗಿದೆ, ಎಷ್ಟು ಜನರ ಜೊತೆ ಒಂಟಿಯಾಗಿ ಮಾತಾಡಿದ್ದೀರಿ ಅಂತ ಕೇಸ್ ಶೀಟ್ ನೋಡಿ ಲೆಕ್ಕ ಹಾಕಿ. ರಾತ್ರಿ ಪಾಳಿಯ ಲೆಕ್ಕವನ್ನು ಬೇರೆ ತೆಗೆಯಿರಿ, ಯಾಕೆಂದರೆ ಬಿಟ್ಟುಹೋಗುವುದು ಹೆಚ್ಚಾಗಿ ಆಗಲೇ. ಅಟೆಂಡರ್, ಸೆಕ್ಯುರಿಟಿಯವರನ್ನೂ ಆ ಸಭೆಗೆ ಕರೆಯಿರಿ. ಬಾಗಿಲಲ್ಲಿ ನಿಂತು 'ಏನಾಗಿದೆ ಆ ಹುಡುಗಿಗೆ?' ಅಂತ ಊರಿನವರು ಮೊದಲು ಕೇಳುವುದು ಅವರನ್ನೇ.